ಸಂದಿಯೊಳಗಿನ ಮೆಡಿಟರೇನಿಯನ್ ರೆಸ್ಟೋರೆಂಟಿನಲ್ಲಿ ಮೊದಲ ಊಟ: ಏನು ತರಿಸಬೇಕು, ಹೇಗೆ ತಿನ್ನಬೇಕು?

ಮುಖ್ಯರಸ್ತೆಗೆ ಕಾಣದ, ಸಂದಿಯ ಕೊನೆಯಲ್ಲಿರುವ ಹತ್ತು ಮೇಜುಗಳ ಮೆಡಿಟರೇನಿಯನ್ ರೆಸ್ಟೋರೆಂಟೊಂದಕ್ಕೆ ತಂದೆ, ತಾಯಿ ಮತ್ತು ತಂಗಿಯೊಂದಿಗೆ ಮೊದಲ ಬಾರಿಗೆ ಹೋಗುತ್ತಿರುವುದಾಗಿ ಬರೆದಿದ್ದೀರಿ. ಮೆನುವಿನ ಅರ್ಧ ಹೆಸರುಗಳು ಅರ್ಥವಾಗುವುದಿಲ್ಲವೆಂದೂ, ತಾಯಿಯವರು ಸಸ್ಯಾಹಾರಿಯೆಂದೂ, ತಂದೆಯವರಿಗೆ ಹೃದಯದ ತೊಂದರೆ ಇರುವುದರಿಂದ ಈ ಊಟ ಹಿತವಾದೀತೇ ಎಂಬ ಸಂಶಯವಿದೆಯೆಂದೂ ತಿಳಿಸಿದ್ದೀರಿ. ತಟ್ಟೆಯಲ್ಲಿ ಉಳಿದ ಎಣ್ಣೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದರೆ ನೋಡಿದವರು ತಪ್ಪು ತಿಳಿಯುತ್ತಾರೆಯೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಇಂತಹ ಸಣ್ಣ ಜಾಗಗಳಲ್ಲಿ ಹಲವು ವರ್ಷಗಳಿಂದ ಊಟ ಮಾಡುತ್ತಾ, ಅಲ್ಲಿ ತಿಂದದ್ದನ್ನು ಮನೆಯಲ್ಲಿ ಮಾಡಿ ನೋಡುತ್ತಾ ಬಂದಿರುವುದರಿಂದ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ನನ್ನ ಉತ್ತರದ ಮುಖ್ಯ ಮಾತು ಒಂದೇ. ಕುಳಿತ ಕೂಡಲೇ ಇಡೀ ಊಟವನ್ನು ಹೇಳಿಬಿಡಬೇಡಿ. ಮೊದಲು ಬ್ರೆಡ್ಡು, ಆಲಿವ್ ಎಣ್ಣೆ ಮತ್ತು ಕಡಲೆಯನ್ನು ಅರೆದು ಮಾಡುವ ಹಮ್ಮಸ್ ಇಷ್ಟನ್ನೇ ತರಿಸಿ, ಅವುಗಳನ್ನು ನಿಧಾನವಾಗಿ ತಿಂದು, ಆಮೇಲೆ ಮುಂದಿನದನ್ನು ನಿರ್ಧರಿಸಿ. ಈ ಮೂರರಲ್ಲಿ ಮಸಾಲೆಯ ಹಿಂದೆ ಬಚ್ಚಿಡುವಂಥದ್ದು ಏನೂ ಇಲ್ಲ. ಸಾಮಗ್ರಿ ಒಳ್ಳೆಯದಾಗಿರಬೇಕು, ಆ ದಿನವೇ ಮಾಡಿರಬೇಕು, ಮಾಡುವವರಿಗೆ ತಾಳ್ಮೆ ಇರಬೇಕು. ಇವು ಮೂರೂ ಸರಿಯಾಗಿದ್ದ ಅಡುಗೆಮನೆಯಿಂದ ಮುಂದೆ ಬಂದ ಊಟ ಕೆಟ್ಟದ್ದಾದ ನೆನಪು ನನಗಿಲ್ಲ. ಇವೇ ಸಪ್ಪೆಯಾಗಿದ್ದರೆ ಇನ್ನೊಂದೆರಡು ಸಣ್ಣ ತಿನಿಸು ತಿಂದು ಎದ್ದು ಬರಬಹುದು, ಹೆಚ್ಚು ನಷ್ಟವಾಗುವುದಿಲ್ಲ.

ಮೊದಲು ಮೆನುವಿನ ಬಗ್ಗೆ ಒಂದು ಮಾತು. ಮೆಡಿಟರೇನಿಯನ್ ಎಂಬುದು ಒಂದು ಅಡುಗೆಯ ಹೆಸರಲ್ಲ, ಒಂದು ಕಡಲಿನ ಹೆಸರು. ಆ ಕಡಲಿನ ಸುತ್ತ ಇಪ್ಪತ್ತಕ್ಕೂ ಹೆಚ್ಚು ದೇಶಗಳಿವೆ. ಸ್ಪೇನಿನ ವಲೆನ್ಸಿಯಾದವರು ಅಗಲ ಬಾಣಲೆಯಲ್ಲಿ ಅನ್ನವನ್ನು ತಳಹತ್ತಿಸಿ ಮಾಡುವ ಪಾಯೆಲ್ಲಾಕ್ಕೂ, ಲೆಬನಾನಿನವರು ಪಾರ್ಸ್ಲಿ ಸೊಪ್ಪನ್ನು ರಾಶಿರಾಶಿಯಾಗಿ ಹೆಚ್ಚಿ ಮಾಡುವ ತಬೂಲೆಗೂ ನಡುವೆ ಇರುವುದು ಆಲಿವ್ ಎಣ್ಣೆಯ ನಂಟು ಮಾತ್ರ ಎನ್ನಬೇಕು. ಆದ್ದರಿಂದ ಹತ್ತು ಮೇಜಿನ ಜಾಗವೊಂದು ಇಟಲಿ, ಗ್ರೀಸ್, ಟರ್ಕಿ, ಮೊರಾಕೊ ಎಲ್ಲವನ್ನೂ ಒಂದೇ ಮೆನುವಿನಲ್ಲಿ ತುಂಬಿದ್ದರೆ ನಾನು ಹಿಂಜರಿಯುತ್ತೇನೆ. ಹಾಗೆ ಹನ್ನೊಂದು ಪುಟಗಳ ಮೆನುವಿದ್ದ ಒಂದು ಕಡೆ, ಬಹಳ ದಿನ ಕಾದು ಜಾಗ ಕಾಯ್ದಿರಿಸಿಕೊಂಡು ಹೋಗಿ, ನಡುವೆ ಇನ್ನೂ ತಣ್ಣಗಿದ್ದ ಮುಸಾಕಾವನ್ನು (ಬದನೆಕಾಯಿ ಮತ್ತು ಕೊಚ್ಚಿದ ಮಾಂಸವನ್ನು ಪದರಪದರವಾಗಿಟ್ಟು ಬೇಯಿಸುವ ತಿನಿಸು) ತಿಂದು ಬಂದಿದ್ದೇನೆ. ಅಷ್ಟು ಬಗೆಯ ಅಡುಗೆಯನ್ನು ಇಬ್ಬರು ಮೂವರು ಪ್ರತಿದಿನ ಹೊಸದಾಗಿ ಮಾಡಲು ಸಾಧ್ಯವೇ ಇಲ್ಲ, ಬಹುಪಾಲು ಮೊದಲೇ ಮಾಡಿಟ್ಟದ್ದೇ ಬರುತ್ತದೆ. ಒಂದೆರಡು ಪುಟದ ಮೆನು, ಅದೂ ಕಡಲಿನ ಒಂದೇ ದಂಡೆಗೆ ಸೇರಿದ್ದು, ನನಗೆ ಹೆಚ್ಚು ಭರವಸೆ ಕೊಡುತ್ತದೆ. ನೀವು ಬರೆದ ಹೆಸರುಗಳನ್ನು ನೋಡಿದರೆ ನಿಮ್ಮ ರೆಸ್ಟೋರೆಂಟು ಪೂರ್ವ ದಂಡೆಯ ಕಡೆಗೆ, ಅಂದರೆ ಲೆಬನಾನ್, ಸಿರಿಯಾ, ಟರ್ಕಿ, ಗ್ರೀಸ್ ಕಡೆಗೆ ವಾಲಿದಂತಿದೆ. ಅದು ಒಳ್ಳೆಯ ಲಕ್ಷಣ.

ಬ್ರೆಡ್ಡು ಬಿಸಿಯಾಗಿ ಬರಬೇಕು. ನಾನು ಮತ್ತೆ ಮತ್ತೆ ಹೋಗುವ ಒಂದು ಸಣ್ಣ ಜಾಗದಲ್ಲಿ ಒಲೆಯ ಬಾಯಿ ಊಟದ ಕೋಣೆಗೇ ತೆರೆದುಕೊಂಡಿದೆ. ಬಾಣಸಿಗರು ಅಂಗೈಯಗಲದ ಹಿಟ್ಟಿನ ಉಂಡೆಯನ್ನು ತಟ್ಟಿ, ಉದ್ದ ಹಿಡಿಕೆಯ ಮರದ ಹಲಗೆಯ ಮೇಲಿಟ್ಟು ಒಳಗೆ ಜಾರಿಸುತ್ತಾರೆ. ಒಂದು ನಿಮಿಷ ಏನೂ ಆಗುವುದಿಲ್ಲ, ಆಮೇಲೆ ಒಂದು ಅಂಚು ಏಳುತ್ತದೆ, ಇನ್ನೊಂದು ಅಂಚು ಏಳುತ್ತದೆ, ನೋಡನೋಡುತ್ತಿದ್ದಂತೆ ಇಡೀ ಬ್ರೆಡ್ಡು ಚೆಂಡಿನಂತೆ ಉಬ್ಬಿ ನಿಲ್ಲುತ್ತದೆ. ಒಲೆಯ ಕಾವು ಜೋರಾಗಿರುವುದರಿಂದ ಮೇಲಿನ ಮತ್ತು ಕೆಳಗಿನ ಪದರಗಳು ಬೇಗನೆ ಗಟ್ಟಿಯಾಗಿ, ಒಳಗಿನ ನೀರು ಆವಿಯಾಗಿ ಅವೆರಡನ್ನೂ ಬೇರ್ಪಡಿಸುತ್ತದೆ. ಪಿಟಾ ಎಂಬ ಈ ಬ್ರೆಡ್ಡಿನ ಒಳಗಿನ ಜೇಬು ಹುಟ್ಟುವುದು ಹೀಗೆ. ಅದನ್ನು ಮೇಜಿಗೆ ತಂದಿಟ್ಟಾಗ ಹರಿದರೆ ಆವಿ ಹೊರಬಂದು ಬೆರಳು ಸುಡುತ್ತದೆ. ಪೊಟ್ಟಣದಿಂದ ತೆಗೆದು ಬಿಸಿಮಾಡಿದ ಪಿಟಾ ಹಾಗಿರುವುದಿಲ್ಲ. ಅದು ಮೊದಲು ಮೆತ್ತಗಿದ್ದು, ಐದು ನಿಮಿಷದಲ್ಲಿ ಅಂಚು ಒಣಗಿ, ಬಾಗಿಸಿದರೆ ಮುರಿಯುತ್ತದೆ.

ಆಲಿವ್ ಎಣ್ಣೆಯನ್ನು ಚಿಕ್ಕ ಬಟ್ಟಲಿನಲ್ಲಿ ಬೇರೆಯಾಗಿ ಕೇಳಿ, ಬರೀ ಎಣ್ಣೆಯನ್ನೇ ಬ್ರೆಡ್ಡಿನ ತುಂಡಿಗೆ ಹಚ್ಚಿ ರುಚಿ ನೋಡಿ. ಎಕ್ಸ್‌ಟ್ರಾ ವರ್ಜಿನ್ ಎಂದು ಕರೆಸಿಕೊಳ್ಳಬೇಕಾದರೆ ಎಣ್ಣೆಯ ಆಮ್ಲೀಯತೆ ಶೇಕಡಾ 0.8ನ್ನು ಮೀರಬಾರದು, ವಾಸನೆ ಮತ್ತು ರುಚಿಯಲ್ಲಿ ದೋಷವಿರಬಾರದು. ಇದು ಅಂತರರಾಷ್ಟ್ರೀಯ ಆಲಿವ್ ಮಂಡಳಿಯ ಮಾನದಂಡ. ಒಳ್ಳೆಯ ತಾಜಾ ಎಣ್ಣೆ ಹಸಿ ಹುಲ್ಲಿನಂತೆ ಘಮಿಸಿ, ನಾಲಿಗೆಯ ಮೇಲೆ ತುಸು ಕಹಿಯಾಗಿ, ನುಂಗಿದ ಮೇಲೆ ಗಂಟಲಿನಲ್ಲಿ ಚುರುಕ್ಕೆನ್ನುತ್ತದೆ. ನಿಮ್ಮ ತಂದೆಯವರಿಗೆ ಕೆಮ್ಮು ಬಂದರೆ ಗಾಬರಿಯಾಗಬೇಡಿ. ಆ ಚುರುಕು ಓಲಿಯೊಕ್ಯಾಂಥಾಲ್ ಎಂಬ ವಸ್ತುವಿನಿಂದ ಬರುತ್ತದೆ, ನೋವುನಿವಾರಕ ಇಬುಪ್ರೊಫೇನ್ ಗಂಟಲಿಗೆ ಕೊಡುವ ಉರಿಯೂ ಅದೇ ಬಗೆಯದೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಗಂಟಲು ಚುರುಗುಟ್ಟುವುದು ಎಣ್ಣೆ ಕೆಟ್ಟಿರುವುದರ ಗುರುತೆಂದು ಬಹಳ ಕಾಲ ನಾನೇ ತಿಳಿದುಕೊಂಡಿದ್ದೆ, ವಾಸ್ತವದಲ್ಲಿ ಅದು ತಾಜಾತನದ ಗುರುತು. ಕೆಟ್ಟ ಎಣ್ಣೆ ಗಂಟಲನ್ನು ತಟ್ಟುವುದೇ ಇಲ್ಲ. ಹಳೆಯ ಬಾದಾಮಿಯಂತೆ, ಮೇಣದಂತೆ ಮುಗ್ಗಲು ವಾಸನೆ ಬರುತ್ತದೆ. ಬೆಳಕು, ಶಾಖ ಮತ್ತು ಗಾಳಿ ಮೂರೂ ಈ ಎಣ್ಣೆಗೆ ಶತ್ರುಗಳು. ಬಿಸಿಲು ಬೀಳುವ ಕಿಟಕಿಯ ಬಳಿ ಪಾರದರ್ಶಕ ಸೀಸೆಗಳನ್ನು ಚೆಂದಕ್ಕೆ ಜೋಡಿಸಿಟ್ಟಿದ್ದಾರೆಂದರೆ ಅವುಗಳಲ್ಲಿರುವುದನ್ನು ಊಟಕ್ಕೆ ಬಳಸದಿರಲಿ ಎಂದು ಹಾರೈಸಬೇಕು.

ಇನ್ನು ಹಮ್ಮಸ್. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಅಡುಗೆಮನೆಯ ಮನಸ್ಸು ತಿಳಿಯುವುದು ಇಲ್ಲಿಯೇ. ಹಮ್ಮಸ್ ಎಂದರೆ ಅರಬ್ಬೀ ಭಾಷೆಯಲ್ಲಿ ಕಾಬೂಲಿ ಕಡಲೆ, ಅಷ್ಟೇ. ಕಡಲೆ, ಎಳ್ಳನ್ನು ನುಣ್ಣಗೆ ಅರೆದ ತಾಹಿನಿ, ನಿಂಬೆರಸ, ಬೆಳ್ಳುಳ್ಳಿ, ಉಪ್ಪು, ಇವಿಷ್ಟರಲ್ಲಿ ಅದು ಮುಗಿಯುತ್ತದೆ. ಕಡಲೆಯನ್ನು ರಾತ್ರಿಯಿಡೀ ನೆನೆಸಿ, ಚಿಟಿಕೆ ಅಡುಗೆ ಸೋಡಾ ಹಾಕಿ, ಎರಡು ಬೆರಳ ನಡುವೆ ಒತ್ತಿದರೆ ಸದ್ದಿಲ್ಲದೆ ಕರಗುವಷ್ಟು ಬೇಯಿಸಬೇಕು. ಸೋಡಾ ಸಿಪ್ಪೆಯನ್ನು ಬಂಧಿಸಿರುವ ಪೆಕ್ಟಿನ್ನನ್ನು ಸಡಿಲಿಸುವುದರಿಂದ ಅರೆದಾಗ ತರಿ ಉಳಿಯುವುದಿಲ್ಲ. ತಾಹಿನಿಯದು ಇನ್ನೊಂದು ಸೋಜಿಗ. ಅದಕ್ಕೆ ನಿಂಬೆರಸವನ್ನೋ ನೀರನ್ನೋ ಹಾಕಿದೊಡನೆ ತೆಳುವಾಗುವ ಬದಲು ಸಿಮೆಂಟಿನಂತೆ ಬಿಗಿದುಕೊಳ್ಳುತ್ತದೆ. ಮೊದಲ ಸಲ ಮನೆಯಲ್ಲಿ ಮಾಡಿದಾಗ ಕೆಟ್ಟೇಹೋಯಿತೆಂದು ನಾನು ಅದನ್ನು ಚೆಲ್ಲಿಬಿಟ್ಟೆ. ಚೆಲ್ಲದೆ, ತಣ್ಣೀರನ್ನು ಚಮಚ ಚಮಚವಾಗಿ ಸೇರಿಸುತ್ತಾ ಕಲಕುತ್ತಾ ಹೋದರೆ ಒಂದು ಹಂತದಲ್ಲಿ ಅದು ಇದ್ದಕ್ಕಿದ್ದಂತೆ ಸಡಿಲಗೊಂಡು, ಕಂದು ಬಣ್ಣ ಹೋಗಿ ಕೆನೆಯಂತೆ ಬೆಳ್ಳಗಾಗುತ್ತದೆ. ಆ ಬಿಳುಪೇ ಒಳ್ಳೆಯ ಹಮ್ಮಸ್ಸಿಗೆ ಹಗುರತನ ಕೊಡುತ್ತದೆ.

ನಿಮ್ಮ ಮೇಜಿಗೆ ಬಂದ ತಟ್ಟೆಯನ್ನು ಒಮ್ಮೆ ಗಮನಿಸಿ. ಚಮಚದ ಬೆನ್ನಿನಿಂದ ಸುತ್ತಿ ಮಾಡಿದ ಸುಳಿಯೊಂದು, ಅದರ ಕಾಲುವೆಯಲ್ಲಿ ಹಸಿರು ಮಿಶ್ರಿತ ಚಿನ್ನದ ಬಣ್ಣದ ಎಣ್ಣೆ, ನಡುವೆ ನಾಲ್ಕೈದು ಇಡಿ ಕಡಲೆ ಇರುತ್ತವೆ. ಸುಳಿಯ ಅಂಚು ಮೃದುವಾಗಿ, ಇನ್ನೇನು ಕುಸಿಯುವಂತೆ ನಿಂತಿದ್ದರೆ ಅದು ಈಗಷ್ಟೇ ಬಡಿಸಿದ್ದು. ಮೇಲ್ಮೈ ಒಣಗಿ ತೆಳು ಬಿರುಕು ಬಿಟ್ಟಿದ್ದರೆ ಫ್ರಿಜ್ಜಿನಲ್ಲಿ ಹೊತ್ತು ಕಳೆದದ್ದು. ತಿಂದಾಗ ಅದು ಕೊರೆಯುವಷ್ಟು ತಣ್ಣಗಿರಬಾರದು. ಉಗುರುಬೆಚ್ಚಗಿದ್ದರೆ ಇನ್ನೂ ಸೊಗಸು. ಮೊದಲು ಎಳ್ಳು, ಹಿಂದೆಯೇ ನಿಂಬೆ, ಎಲ್ಲಕ್ಕೂ ಕೊನೆಯಲ್ಲಿ ಬೆಳ್ಳುಳ್ಳಿ ತಿಳಿಯಬೇಕು. ಬೆಳ್ಳುಳ್ಳಿಯೇ ಮೊದಲು ಎದುರಾದರೆ ಉಳಿದ ಕೊರತೆಯನ್ನು ಅದರಿಂದ ಮುಚ್ಚಿದ್ದಾರೆಂದು ನನ್ನ ಅನುಭವ.

ಈ ಮೂರೂ ಚೆನ್ನಾಗಿದ್ದವೆಂದುಕೊಳ್ಳೋಣ. ಮುಂದಿನದು ಮೆಜ್ಜೆ, ಅಂದರೆ ಮೇಜಿನ ನಡುವೆ ಇಟ್ಟು ಎಲ್ಲರೂ ಹಂಚಿಕೊಂಡು ತಿನ್ನುವ ಸಣ್ಣ ಸಣ್ಣ ತಟ್ಟೆಗಳು. ಇದು ಊಟಕ್ಕೆ ಮುನ್ನುಡಿಯಲ್ಲ, ಎಷ್ಟೋ ಕಡೆ ಇದೇ ಊಟ. ನಾಲ್ಕು ಜನರಿಗೆ ಐದಾರು ತಟ್ಟೆ ಸಾಕು, ಅದನ್ನೂ ಎರಡು ಕಂತಿನಲ್ಲಿ ಹೇಳಿ. ಸಣ್ಣ ಅಡುಗೆಮನೆಯಲ್ಲಿ ಒಬ್ಬರು ಕೆಂಡದ ಮುಂದೆ, ಇನ್ನೊಬ್ಬರು ತಣ್ಣನೆಯ ತಿನಿಸುಗಳ ಬಳಿ ಇರುತ್ತಾರೆ, ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಯಾವುದೋ ಒಂದು ಆರಿಹೋಗಿಯೇ ಬರುತ್ತದೆ.

ಸಸ್ಯಾಹಾರಿಗಳಾದ ನಿಮ್ಮ ತಾಯಿಯವರು ಈ ಊಟದಲ್ಲಿ ಎಲ್ಲರಿಗಿಂತ ಹೆಚ್ಚು ಸುಖಪಡುತ್ತಾರೆಂದು ಧೈರ್ಯವಾಗಿ ಹೇಳಬಲ್ಲೆ. ಕೆಂಡದ ಮೇಲೆ ಸಿಪ್ಪೆ ಕರಕಾಗುವವರೆಗೆ ಸುಟ್ಟು, ನೀರು ಬಸಿದು, ಚಾಕುವಿನಿಂದ ಕೊಚ್ಚಿದ ಬದನೆಕಾಯಿಯ ತಿನಿಸನ್ನು ಖಂಡಿತ ತರಿಸಿ. ಒಂದೊಂದು ಕಡೆ ಒಂದೊಂದು ಹೆಸರು. ತಾಹಿನಿ ಬೆರೆಸಿದ್ದನ್ನು ಮುತಬ್ಬಲ್ ಎನ್ನುವವರಿದ್ದಾರೆ, ಅದನ್ನೇ ಬಾಬಾ ಘನೂಶ್ ಎನ್ನುವವರೂ ಇದ್ದಾರೆ. ಹೆಸರು ಮುಖ್ಯವಲ್ಲ, ಹೊಗೆಯ ವಾಸನೆ ಇರಬೇಕು. ತಬೂಲೆಯಲ್ಲಿ ಹಸಿರು ಸೊಪ್ಪೇ ಬಹುಪಾಲು, ಗೋಧಿ ನುಚ್ಚು ಅಲ್ಲಲ್ಲಿ ಕಾಣುವಷ್ಟು ಮಾತ್ರ ಇರಬೇಕು. ಫತ್ತೂಶ್ ಎಂಬ ಸಲಾಡಿನಲ್ಲಿ ಹಳೆಯ ಬ್ರೆಡ್ಡನ್ನು ಗರಿಗರಿಯಾಗಿಸಿ ಸೇರಿಸಿ, ಮೇಲೆ ಸುಮಾಕ್ ಎಂಬ ಕಡುಗೆಂಪು ಪುಡಿಯನ್ನು ಉದುರಿಸಿರುತ್ತಾರೆ. ಅದು ಒಂದು ಪೊದೆಯ ಒಣಗಿಸಿದ ಹಣ್ಣಿನ ಪುಡಿ, ಖಾರವೆಂದು ಹೆದರಬೇಡಿ, ಅದರ ಗುಣ ಹುಳಿ. ಲಬ್ನೆ ಎಂದರೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು. ಫಲಾಫೆಲ್ ಎಂದರೆ ನೆನೆಸಿದ ಕಡಲೆಯನ್ನು ಬೇಯಿಸದೆಯೇ ಸೊಪ್ಪಿನೊಂದಿಗೆ ರುಬ್ಬಿ ಕರಿದ ಉಂಡೆ, ಮುರಿದಾಗ ಒಳಗೆ ಹಸಿರಾಗಿ, ಪುಡಿಪುಡಿಯಾಗಿ ಕಾಣಬೇಕು. ಈಜಿಪ್ಟಿನವರು ಅದನ್ನೇ ಒಣಗಿಸಿದ ಫಾವಾ ಕಾಳಿನಿಂದ ಮಾಡುತ್ತಾರೆ.

ತರಕಾರಿಯನ್ನು ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿ ಆರಿಸಿ ಬಡಿಸುವ ಒಂದು ಬಗೆ ಟರ್ಕಿ ಮತ್ತು ಗ್ರೀಸ್ ಎರಡರಲ್ಲೂ ಇದೆ. ಬೀನ್ಸ್, ಆರ್ಟಿಚೋಕ್, ಲೀಕ್ ಹೀಗೆ ಯಾವುದಾದರೂ ಇರಬಹುದು. ಅದು ಬಿಸಿಯಾಗಿಲ್ಲವೆಂದು ವಾಪಸು ಕಳುಹಿಸಬೇಡಿ. ನಾನು ಒಮ್ಮೆ ಬಿಸಿಮಾಡಿ ತರಲು ಹೇಳಿದೆ, ಬಡಿಸುತ್ತಿದ್ದ ಹಿರಿಯರು ಬೇಸರಿಸದೆ, ಒಂದು ತುತ್ತು ಹಾಗೆಯೇ ತಿಂದು ನೋಡಿ, ಆಮೇಲೂ ಬೇಕೆಂದರೆ ಬಿಸಿಮಾಡಿಸುತ್ತೇನೆ ಎಂದರು. ಬೀನ್ಸು ಬೆಣ್ಣೆಯಷ್ಟು ಮೆತ್ತಗಾಗಿ, ಟೊಮೆಟೊ ಮತ್ತು ಎಣ್ಣೆ ಒಂದಕ್ಕೊಂದು ಬೆರೆತು ಸಿಹಿಯಾಗಿದ್ದವು. ಬಿಸಿಯಿದ್ದಾಗ ಆ ರುಚಿ ತಿಳಿಯುವುದಿಲ್ಲ. ಟೊಮೆಟೊ ಆ ಕಡಲ ದಂಡೆಗೆ ಬಂದದ್ದು ಅಮೆರಿಕ ಖಂಡದಿಂದ, ಅದೂ 16ನೆಯ ಶತಮಾನದಲ್ಲಿ ಎಂಬುದನ್ನು ಈಗಿನ ಅಡುಗೆ ನೋಡಿದರೆ ನಂಬಲಾಗುವುದಿಲ್ಲ.

ಆದರೆ ಸಸ್ಯಾಹಾರಿಗಳು ಕೇಳಿ ತಿಳಿಯಬೇಕಾದ ಎರಡು ಸಂಗತಿಗಳಿವೆ. ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಡೋಲ್ಮಾದೊಳಗೆ ಬರೀ ಅಕ್ಕಿಯೂ ಇರಬಹುದು, ಅಕ್ಕಿಯೊಂದಿಗೆ ಕೊಚ್ಚಿದ ಮಾಂಸವೂ ಇರಬಹುದು; ಬೇಳೆಯ ಸೂಪನ್ನು ಮಾಂಸದ ಸಾರಿನಲ್ಲಿ ಮಾಡಿರಬಹುದು. ಇನ್ನೊಂದು ಚೀಸಿನ ವಿಷಯ. ಫೆಟಾದಂತಹ ಚೀಸುಗಳಲ್ಲಿ ಹಾಲನ್ನು ಒಡೆಸಲು ಪ್ರಾಣಿಮೂಲದ ರೆನೆಟ್ ಬಳಸುವ ರೂಢಿ ಹಳೆಯದು, ತಾಯಿಯವರು ಅದನ್ನು ಒಪ್ಪದಿದ್ದರೆ ಮೊದಲೇ ವಿಚಾರಿಸಿ. ಅಭ್ಯಂತರವಿಲ್ಲದಿದ್ದರೆ ಹಲೂಮಿ ಎಂಬ ಚೀಸನ್ನು ತರಿಸಬಹುದು. ಮೊಸರುಗಟ್ಟಿದ ಮೇಲೆ ಅದನ್ನು ಅದರದೇ ಹಾಲಿನ ನೀರಿನಲ್ಲಿ ಕಾಯಿಸುವುದರಿಂದ ಕೆಂಡದ ಮೇಲಿಟ್ಟರೂ ಕರಗುವುದಿಲ್ಲ, ಹೊರಗೆ ಗರಿಗರಿಯಾಗುತ್ತದೆ. ಬಂದ ಕೂಡಲೇ ತಿನ್ನಿ, ತಣ್ಣಗಾದರೆ ರಬ್ಬರಿನಂತಾಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಫೆಟಾ ಎಂಬ ಹೆಸರು 2002ರಿಂದ ಗ್ರೀಸಿನದಕ್ಕೆ ಮಾತ್ರ ಮೀಸಲು. ಅದರಲ್ಲಿ ಕುರಿಯ ಹಾಲೇ ಮುಖ್ಯ, ಮೇಕೆಯ ಹಾಲು ಶೇಕಡಾ 30ನ್ನು ಮೀರುವಂತಿಲ್ಲ. ಹಲೂಮಿಗೆ ಸೈಪ್ರಸ್ಸಿನ ಹೆಸರಿನಲ್ಲಿ ಅಂಥದೇ ರಕ್ಷಣೆ ಸಿಕ್ಕಿದ್ದು 2021ರಲ್ಲಿ.

ನಿಮಗೂ ತಂಗಿಗೂ ತಂದೆಯವರಿಗೂ ಸೇರಿಸಿ ಒಂದು ಇಡಿ ಮೀನನ್ನು ಹೇಳಿ ಎಂಬುದು ನನ್ನ ಸಲಹೆ. ಬೇಯಿಸುವ ಮೊದಲು ತೋರಿಸಿ ಎಂದು ಕೇಳಲು ಸಂಕೋಚ ಬೇಡ, ಒಳ್ಳೆಯ ಕಡೆಗಳಲ್ಲಿ ಅವರೇ ತಟ್ಟೆಯಲ್ಲಿಟ್ಟು ತಂದು ತೋರಿಸುತ್ತಾರೆ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು, ಕಡಲಿನ ವಾಸನೆಯ ಹೊರತು ಬೇರೆ ವಾಸನೆ ಇರಬಾರದು. ಸೀ ಬಾಸ್, ಸೀ ಬ್ರೀಮ್ ಮೀನುಗಳು ಈಗ ಹೆಚ್ಚಾಗಿ ಸಾಕಣೆಯಿಂದ ಬರುತ್ತವೆ, ಅದು ಕೊರತೆಯೇನಲ್ಲ, ಕೇಳಿದಾಗ ನೇರವಾಗಿ ಹೇಳಿದರೆ ಸಾಕು. ನಾನು ಹೇಳಿದ ಆ ಸಣ್ಣ ಜಾಗದಲ್ಲಿ ಬಡಿಸುವವರು ಎರಡು ಚಮಚಗಳನ್ನಷ್ಟೇ ಹಿಡಿದು, ಬೆನ್ನಿನುದ್ದಕ್ಕೂ ಗೆರೆ ಎಳೆದು, ಮೇಲಿನ ಭಾಗವನ್ನು ಒಂದು ಕಡೆ ಸರಿಸಿ, ಬಾಲದಿಂದ ಹಿಡಿದು ಎತ್ತಿದರೆ ಇಡೀ ಮುಳ್ಳು ತಲೆಯೊಂದಿಗೆ ಒಂದೇ ತುಂಡಾಗಿ ಮೇಲೇಳುತ್ತದೆ. ಹದವಾಗಿ ಬೆಂದ ಮೀನು ಮಾತ್ರ ಹಾಗೆ ಬಿಡಿಸಿಕೊಳ್ಳುತ್ತದೆ. ಹಸಿಯಿದ್ದರೆ ಮುಳ್ಳು ಅಂಟಿಕೊಳ್ಳುತ್ತದೆ, ಹೆಚ್ಚು ಬೆಂದರೆ ಮಾಂಸ ಚೂರುಚೂರಾಗುತ್ತದೆ. ಅದರ ಮೇಲೆ ಎಣ್ಣೆ, ನಿಂಬೆ, ಉಪ್ಪು ಬಿಟ್ಟು ಬೇರೇನೂ ಬೇಕಾಗುವುದಿಲ್ಲ.

ತಂದೆಯವರ ವಿಚಾರಕ್ಕೆ ಬರುತ್ತೇನೆ. ಈ ಆಹಾರ ಹೃದಯಕ್ಕೆ ಒಳ್ಳೆಯದೆಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿ 1958ರಲ್ಲಿ ಆರಂಭಿಸಿದ ಏಳು ದೇಶಗಳ ಅಧ್ಯಯನದಲ್ಲಿ ಕ್ರೀಟ್ ದ್ವೀಪದ ಗಂಡಸರಲ್ಲಿ ಹೃದ್ರೋಗದ ಸಾವು ಬಹಳ ಕಡಿಮೆಯಿದ್ದುದು ಕಂಡುಬಂತು. ಮುಂದೆ ಸ್ಪೇನಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರೆಡಿಮೆಡ್ ಎಂಬ ಪ್ರಯೋಗದಲ್ಲಿ, ಆಲಿವ್ ಎಣ್ಣೆ ಅಥವಾ ಬೀಜಗಳನ್ನು ಸೇರಿಸಿದ ಈ ಬಗೆಯ ಆಹಾರ ತಿಂದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂತಹ ಘಟನೆಗಳು ಕಡಿಮೆಯಾದವು. ವಿಧಾನದ ದೋಷಗಳಿಗಾಗಿ 2013ರ ಆ ವರದಿಯನ್ನು ಹಿಂಪಡೆದು, 2018ರಲ್ಲಿ ಮತ್ತೆ ವಿಶ್ಲೇಷಿಸಿ ಪ್ರಕಟಿಸಿದರು, ಆಗಲೂ ಫಲಿತಾಂಶ ಹೆಚ್ಚುಕಡಿಮೆ ಹಾಗೆಯೇ ನಿಂತಿತು. ಆದರೆ ಅವೆಲ್ಲ ಪ್ರತಿದಿನದ ಮನೆಯೂಟದ ಮಾತು: ಕಾಳು, ಸೊಪ್ಪು, ಹಣ್ಣು, ಮಿತವಾದ ಮೀನು, ಅಪರೂಪಕ್ಕೆ ಮಾಂಸ. ರೆಸ್ಟೋರೆಂಟಿನ ಒಂದು ರಾತ್ರಿಯ ಊಟದಲ್ಲಿ ಫೆಟಾ, ಆಲಿವ್ ಕಾಯಿ, ಉಪ್ಪಿನ ನೀರಿನಲ್ಲಿಟ್ಟ ತರಕಾರಿಗಳಿಂದ ಒಳಸೇರುವ ಉಪ್ಪು ಕಡಿಮೆಯೇನಲ್ಲ. ರಕ್ತದೊತ್ತಡವೂ ಇದ್ದರೆ ಅವುಗಳನ್ನು ರುಚಿಗಷ್ಟೇ ತಿನ್ನಲಿ. ಮೀನು, ತಬೂಲೆ, ಸುಟ್ಟ ಬದನೆಕಾಯಿ ಅವರ ಪಾಲಿಗಿರಲಿ. ವೈದ್ಯರು ಹಾಕಿರುವ ಕಟ್ಟುಪಾಡಿದ್ದರೆ ಅದೇ ಮೊದಲು. ಎಳ್ಳಿನ ಅಲರ್ಜಿ ಯಾರಿಗಾದರೂ ಇದ್ದರೆ ಕುಳಿತುಕೊಳ್ಳುವ ಮೊದಲೇ ಹೇಳಿ, ಏಕೆಂದರೆ ತಾಹಿನಿ ಮತ್ತು ಒಣ ಸೊಪ್ಪಿಗೆ ಎಳ್ಳು ಬೆರೆಸಿದ ಜಾತರ್ ಪುಡಿಯ ಮೂಲಕ ಎಳ್ಳು ಈ ಅಡುಗೆಯ ಎಲ್ಲ ಮೂಲೆಗಳಿಗೂ ಹೋಗಿರುತ್ತದೆ.

ಸಿಹಿಗೆ ಬಕ್ಲಾವಾ, ಅಂದರೆ ತೆಳು ಹಿಟ್ಟಿನ ಪದರಗಳ ನಡುವೆ ಬೀಜಗಳನ್ನಿಟ್ಟು ಪಾಕ ಸುರಿದ ತಿನಿಸು, ಹೇಳಿದರೆ ನಾಲ್ವರಿಗೂ ಒಂದೊಂದು ತುಂಡು ಸಾಕು. ಪದರಗಳು ಮುರಿಯುವ ಸದ್ದು ಕಿವಿಗೆ ಕೇಳಬೇಕು, ಪಾಕದಲ್ಲಿ ನೆನೆದು ಮೆತ್ತಗಾಗಿದ್ದರೆ ಅದು ನಿನ್ನೆಯದು. ಜೊತೆಗೆ ಸಣ್ಣ ಬಟ್ಟಲಿನ ಟರ್ಕಿ ಕಾಫಿ ತರಿಸುವುದಾದರೆ ಸಕ್ಕರೆ ಎಷ್ಟೆಂದು ಮೊದಲೇ ಹೇಳಬೇಕು, ಪುಡಿಯೊಂದಿಗೇ ಸಕ್ಕರೆಯನ್ನೂ ಕುದಿಸುವುದರಿಂದ ಆಮೇಲೆ ಹಾಕುವ ರೂಢಿಯಿಲ್ಲ. ಬಂದ ಮೇಲೆ ಕಲಕದೆ ಎರಡು ನಿಮಿಷ ಬಿಡಿ, ಗಸಿ ತಳಕ್ಕಿಳಿಯಲಿ, ಕೊನೆಯ ಗುಟುಕನ್ನು ಬಟ್ಟಲಿನಲ್ಲೇ ಬಿಟ್ಟುಬಿಡಿ.

ಹೋಗುವ ದಿನದ ಬಗ್ಗೆಯೂ ಒಂದು ಮಾತು. ಸಂದಿಯೊಳಗಿನ ಜಾಗಗಳನ್ನು ಕತ್ತಲಾದ ಮೇಲೆ ಹುಡುಕುವುದು ಕಷ್ಟ, ಹಿರಿಯರು ಜೊತೆಗಿದ್ದಾರೆ, ಆದ್ದರಿಂದ ಸಂಜೆ ಬಾಗಿಲು ತೆರೆಯುವ ಹೊತ್ತಿಗೇ ಜಾಗ ಕಾಯ್ದಿರಿಸಿಕೊಳ್ಳಿ. ಫೋನಿನಲ್ಲಿ ಮಾತಾಡುವಾಗಲೇ ಮೆಟ್ಟಿಲುಗಳಿವೆಯೇ, ವಾಹನ ಎಲ್ಲಿಯವರೆಗೆ ಬರುತ್ತದೆ, ಮೀನು ಯಾವ ದಿನ ತಾಜಾ ಬರುತ್ತದೆ ಎಂದು ಕೇಳಿ. ಮೊದಲ ಹೊತ್ತಿನಲ್ಲಿ ಹೋದರೆ ಬಡಿಸುವವರಿಗೆ ಬಿಡುವಿರುತ್ತದೆ, ಅರ್ಥವಾಗದ ಹೆಸರುಗಳನ್ನೆಲ್ಲ ಅವರೇ ಕುಳ್ಳಿರಿಸಿ ವಿವರಿಸುತ್ತಾರೆ. ಮಾಡಿದ ಅಡುಗೆಯ ಬಗ್ಗೆ ಕೇಳುವವರು ಸಿಕ್ಕರೆ ಅವರಿಗೂ ಸಂತೋಷ. ಯುನೆಸ್ಕೊ 2010ರಲ್ಲಿ ಮೆಡಿಟರೇನಿಯನ್ ಆಹಾರಪದ್ಧತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿದಾಗ ಬರೀ ತಿನಿಸುಗಳನ್ನಲ್ಲ, ಒಟ್ಟಿಗೆ ಕುಳಿತು ಉಣ್ಣುವ ರೂಢಿಯನ್ನೂ ಸೇರಿಸಿಯೇ ಹೇಳಿತು. ಹಾಗಾಗಿ ಎರಡು ಗಂಟೆ ಹಿಡಿದರೆ ತಡವಾಯಿತೆಂದು ಚಡಪಡಿಸಬೇಡಿ.

ಬ್ರೆಡ್ಡಿನಿಂದ ತಟ್ಟೆ ಒರೆಸುವ ನಿಮ್ಮ ಪ್ರಶ್ನೆಗೆ ಉತ್ತರ, ಧಾರಾಳವಾಗಿ ಒರೆಸಬಹುದು. ಹಮ್ಮಸ್ ತಿನ್ನಲು ಇರುವ ಸಾಧನವೇ ಬ್ರೆಡ್ಡು, ಪೂರ್ವ ದಂಡೆಯಲ್ಲಿ ಅದಕ್ಕೆ ಚಮಚ ಕೇಳಿದರೆ ಅಚ್ಚರಿಪಟ್ಟಾರು. ಇಟಲಿಯವರಲ್ಲಂತೂ ಊಟದ ಕೊನೆಯಲ್ಲಿ ಹೀಗೆ ಒರೆಸಿ ತಿನ್ನುವುದಕ್ಕೆ ಸ್ಕಾರ್ಪೆಟ್ಟಾ ಎಂಬ ಪದವೇ ಇದೆ, ಚಿಕ್ಕ ಪಾದರಕ್ಷೆ ಎಂದು ಅದರ ಅರ್ಥ. ಅದಕ್ಕಾಗಿ ಒಂದು ತುಂಡು ಪಿಟಾವನ್ನು ಮೊದಲೇ ತೆಗೆದಿಟ್ಟುಕೊಳ್ಳಿ, ಬದನೆಕಾಯಿಯ ತಟ್ಟೆಯ ಅಂಚಿನಲ್ಲಿ ಉಳಿಯುವ ಎಣ್ಣೆಯಲ್ಲಿ ಹೊಗೆಯ ರುಚಿಯೆಲ್ಲ ಇಳಿದಿರುತ್ತದೆ.